ನಡೆಯದ ನಡೆಗಳು: ಸ್ವಂತ ಆಟದ ಟಿಪ್ಪಣಿಯನ್ನು ಓದುವ ಬಗೆ

ಗಮಕಿಯು ಕುಮಾರವ್ಯಾಸನ ಷಟ್ಪದಿಯೊಂದನ್ನು ರಾಗವಾಗಿ ವಾಚಿಸಿ ನಿಲ್ಲಿಸಿದ ಮೇಲೆ, ಪಕ್ಕದಲ್ಲಿ ಕುಳಿತ ವ್ಯಾಖ್ಯಾನಕಾರರು ಅದನ್ನೆತ್ತಿಕೊಂಡು, ಪದದ ಒಳಗಣ ಅರ್ಥವನ್ನೂ ಅರ್ಥದ ಹಿಂದಣ ಭಾವವನ್ನೂ ಬಿಡಿಸಿ ಸಭೆಯ ಮುಂದಿಡುವ ಕಾವ್ಯಗೋಷ್ಠಿಗಳಲ್ಲಿ ಕುಳಿತು ಕೇಳಿದವರಿಗೆ, ನಾನು ಹೇಳಹೊರಟಿರುವ ಬರವಣಿಗೆಯ ಪ್ರಕಾರವು ತೀರ ಅಪರಿಚಿತವೆನಿಸಲಾರದು. ಚದುರಂಗದ ಆಟವೊಂದು ಮುಗಿದ ತರುವಾಯ, ಆಡಿದವನೇ ಏಕಾಂತದಲ್ಲಿ ಕುಳಿತು, ತನ್ನ ನಡೆಗಳಿಗೆ ಕಾರಣವನ್ನು ಬರೆದು, ತಪ್ಪನ್ನು ತಪ್ಪೆಂದು ಗುರುತಿಸಿ, ಹಿಡಿಯಬಹುದಾಗಿದ್ದು ಹಿಡಿಯದೆ ಹೋದ ದಾರಿಗಳನ್ನು ತೋರಿಸುವ ಟಿಪ್ಪಣಿಯೇ ಆ ಪ್ರಕಾರ. ಇಲ್ಲಿ ಪದ್ಯವೂ ಅವನದೇ, ವ್ಯಾಖ್ಯಾನವೂ ಅವನದೇ. ಆದರೆ ಪದ್ಯದ ಅರ್ಧವನ್ನು ಎದುರಾಳಿಯು ರಚಿಸಿರುತ್ತಾನೆ, ಅದೂ ಇವನ ಅರ್ಧವನ್ನು ಕೆಡಿಸಬೇಕೆಂಬ ಒಂದೇ ಉದ್ದೇಶದಿಂದ. ಇಂತಹ ವಿಚಿತ್ರ ಕೃತಿಗೆ ಕರ್ತೃವೇ ಬರೆಯುವ ವ್ಯಾಖ್ಯಾನದಲ್ಲಿ ಒಂದು ಸ್ವಾರಸ್ಯವುಂಟು. ಅದನ್ನು ಸವಿಯುವ ಬಗೆಯನ್ನು ಹೊಸಬರಿಗೆ ಪರಿಚಯಿಸುವುದೇ ಈ ಲೇಖನದ ಪ್ರಯತ್ನ.

ಮಹಾ ಆಟಗಾರರು ತಮ್ಮ ಆಟಗಳಿಗೆ ತಾವೇ ಬರೆದ ಟಿಪ್ಪಣಿಗಳು ಚದುರಂಗದ ಸಾಹಿತ್ಯದಲ್ಲಿ ಶಾಸ್ತ್ರಗ್ರಂಥಗಳ ಸ್ಥಾನವನ್ನು ಪಡೆದಿವೆ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ವೈದ್ಯನಾಗಿದ್ದ ಸೀಗ್‌ಬರ್ಟ್ ಟರಾಶ್ 1895ರಲ್ಲಿ ತನ್ನ ಮುನ್ನೂರು ಆಟಗಳನ್ನು ಟಿಪ್ಪಣಿಸಹಿತ ಪ್ರಕಟಿಸಿದನು. ಅಲೆಖಿನ್ನನ ಸಂಪುಟಗಳನ್ನು ಓದದ ಗಂಭೀರ ಅಭ್ಯಾಸಿಗಳು ವಿರಳ. ನಮ್ಮ ವಿಶ್ವನಾಥನ್ ಆನಂದರೂ ತಮ್ಮ ಆಯ್ದ ಆಟಗಳ ಪುಸ್ತಕವನ್ನು 1998ರಲ್ಲಿ ಹೊರತಂದರು. ಇವೆಲ್ಲ ಪೂಜ್ಯವಾದವು. ಆದರೂ ರಸಿಕನಾಗಬಯಸುವ ಹೊಸಬನಿಗೆ ನಾನು ಮೊದಲು ಕೊಡುವುದು ಇವನ್ನಲ್ಲ. ಯಾವ ಬಿರುದೂ ಇಲ್ಲದ ಹವ್ಯಾಸಿಯೊಬ್ಬನ ಕೈಬರಹದ ನೋಟುಪುಸ್ತಕವನ್ನು. ಕಾರಣವಿಷ್ಟೆ: ದೊಡ್ಡ ಆಟಗಾರನು ಕ್ಷಣಮಾತ್ರದಲ್ಲಿ ಕಂಡುದನ್ನು ಹೇಳುವ ಗೋಜಿಗೇ ಹೋಗುವುದಿಲ್ಲ, ಅವನಿಗೆ ಅದು ಉಸಿರಾಟದಷ್ಟು ಸಹಜ. ಹವ್ಯಾಸಿಯಾದರೋ ಕಷ್ಟಪಟ್ಟು ಕಂಡದ್ದನ್ನೂ, ಕಾಣದೆ ಹೋದದ್ದನ್ನೂ, ಕಂಡೂ ಹೆದರಿ ಬಿಟ್ಟದ್ದನ್ನೂ ಬರೆಯುತ್ತಾನೆ. ಮನುಷ್ಯನ ಬುದ್ಧಿಯು ಹೆಜ್ಜೆಯಿಡುವ ಸದ್ದು ಆ ಪುಟಗಳಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.

ಓದುವುದಕ್ಕೆ ಬೇಕಾದ ಸಾಮಗ್ರಿ ಅಲ್ಪ. ಒಂದು ಹಾಸು, ಮೂವತ್ತೆರಡು ಕಾಯಿಗಳು, ಒಂದು ಗಂಟೆಯ ಬಿಡುವು. ಕಾಯಿಗಳ ಹೆಸರಿನಲ್ಲಿ ಮನೆಮನೆಗೂ ಭೇದವುಂಟಾದುದರಿಂದ ಇಲ್ಲಿ ನಾನು ಬಳಸುವುದನ್ನು ತಿಳಿಸಿಬಿಡುತ್ತೇನೆ: ಮೂಲೆಯಲ್ಲಿ ನಿಂತು ನೇರವಾಗಿ ಸಾಗುವುದು ಆನೆ, ಓರೆಯಾಗಿ ಸಾಗುವುದು ಒಂಟೆ, ರಾಜನ ಬಳಿ ನಿಂತು ಎಲ್ಲ ದಿಕ್ಕಿಗೂ ಓಡುವುದು ಮಂತ್ರಿ, ಕುದುರೆ ಮತ್ತು ಕಾಲಾಳುಗಳ ವಿಷಯದಲ್ಲಿ ಜಗಳವಿಲ್ಲ. ಮನೆಗಳನ್ನು ಗುರುತಿಸುವ ಪದ್ಧತಿಯು ಭೂಪಟದ ಅಕ್ಷಾಂಶ ರೇಖಾಂಶಗಳಂತೆ ಸರಳವಾದುದು: ಬಿಳಿಯ ಕಾಯಿಗಳನ್ನು ಆಡುವವನ ಎಡಗಡೆಯಿಂದ ಎಂಟು ಕಂಬಸಾಲುಗಳಿಗೆ ಎ ಮೊದಲುಗೊಂಡು ಎಚ್‌ವರೆಗೆ ಅಕ್ಷರಗಳು, ಅವನ ಬಳಿಯಿಂದ ಎದುರಾಳಿಯ ಕಡೆಗೆ ಎಂಟು ಅಡ್ಡಸಾಲುಗಳಿಗೆ 1ರಿಂದ 8ರವರೆಗೆ ಅಂಕೆಗಳು. ಸಿರಿಯಾ ದೇಶದ ಅಲೆಪ್ಪೊ ಪಟ್ಟಣದಿಂದ ಯುರೋಪಿಗೆ ಹೋಗಿ ನೆಲಸಿದ ಫಿಲಿಪ್ ಸ್ಟಮ್ಮಾ 1737ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಈ ಪದ್ಧತಿಯ ಮೊದಲ ರೂಪವನ್ನು ಕಾಣಬಹುದು.

ಚದುರಂಗಕ್ಕೂ ಅಕ್ಷರಕ್ಕೂ ನಮ್ಮಲ್ಲಿಯೂ ಪುರಾತನವಾದ ನಂಟಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಈ ಆಟವು ರಾಜವಿನೋದಗಳ ನಡುವೆ ಸ್ಥಾನ ಪಡೆದಿದೆ, ಅದಕ್ಕೂ ಹಿಂದೆ ಕಾಶ್ಮೀರದ ಆಲಂಕಾರಿಕ ರುದ್ರಟನು ಕುದುರೆಯ ನಡೆಯನ್ನನುಸರಿಸಿ ಅಕ್ಷರಗಳನ್ನು ಪೋಣಿಸುವ ಚಿತ್ರಬಂಧವನ್ನು ತೋರಿಸಿದನು, ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯೊಂದೇ ಅರುವತ್ತುನಾಲ್ಕು ಮನೆಗಳನ್ನೂ ಮೆಟ್ಟಿ ಬರುವ ಬಂಧಗಳನ್ನು ಮನಸ್ಸಿಟ್ಟು ರಚಿಸಿದರು. ಆದರೆ ಇವೆಲ್ಲ ಆಟದ ಚಮತ್ಕಾರವನ್ನು ಬರಹಕ್ಕಿಳಿಸಿದ ಕೃತಿಗಳು. ಆಡಿ ಸೋತವನು ತನ್ನ ಸೋಲನ್ನು ಬರೆದಿಡುವುದು ಬೇರೆಯ ಸಾಧನೆ.

ಟಿಪ್ಪಣಿಯನ್ನು ತೆರೆಯುವ ಮೊದಲು, ಸಿಕ್ಕುವಂತಿದ್ದರೆ, ಆಟದ ಹಾಳೆಯನ್ನೇ ಕೇಳಿ ನೋಡಿರಿ. ಪಂದ್ಯಗಳಲ್ಲಿ ಆಟಗಾರನು ತನ್ನ ಮತ್ತು ಎದುರಾಳಿಯ ನಡೆಗಳನ್ನು ಒಂದೊಂದಾಗಿ ಬರೆಯುತ್ತ ಹೋಗಬೇಕೆಂದು ನಿಯಮವಿದೆ. ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಉಳಿದು, ನಡೆಗೆ ಮೂವತ್ತು ಸೆಕೆಂಡುಗಳ ಸೇರ್ಪಡೆಯೂ ಇಲ್ಲದಿದ್ದಾಗ ಮಾತ್ರ ಅದರಿಂದ ವಿನಾಯಿತಿ. ಆದುದರಿಂದ ಈ ಹಾಳೆಯು ಆಟದ ಜೊತೆಜೊತೆಗೇ ಮೂಡಿದ ದಾಖಲೆ. ಮೊದಲ ಹತ್ತು ನಡೆಗಳ ಅಕ್ಷರ ದುಂಡಗಿರುತ್ತದೆ. ಇಪ್ಪತ್ತರ ಆಚೆಗೆ ಓರೆಯಾಗುತ್ತದೆ. ಮೂವತ್ತರ ಬಳಿ ಒಂದು ಅಂಕೆ ಹೊಡೆದುಹಾಕಿ ಮತ್ತೆ ಬರೆದದ್ದು, ಅದರ ಕೆಳಗೆ ಎರಡು ಸಾಲು ಖಾಲಿ. ಆ ಖಾಲಿ ಸಾಲುಗಳಲ್ಲಿ ಸಮಯದ ಒತ್ತಡವನ್ನು ಕಣ್ಣಾರೆ ಕಾಣಬಹುದು. ಬಳಿಕ ಟಿಪ್ಪಣಿಕಾರನು ಆ ಘಟ್ಟದ ಬಗ್ಗೆ ಏನು ಬರೆದಿದ್ದಾನೆಂದು ನೋಡಿರಿ. ಹಾಳೆಯಲ್ಲಿ ತತ್ತರಿಸಿದವನು ಟಿಪ್ಪಣಿಯಲ್ಲಿ ಧೀರಗಂಭೀರನಾಗಿ ಕಾಣಿಸಿಕೊಂಡರೆ ಅಲ್ಲಿ ಏನೋ ಲೋಪವಿದೆ.

ಚಿಹ್ನೆಗಳ ವಿಷಯ. ಒಳ್ಳೆಯ ನಡೆಗೆ ಆಶ್ಚರ್ಯಸೂಚಕ, ತಪ್ಪಿಗೆ ಪ್ರಶ್ನಾರ್ಥಕ, ಎರಡೆರಡಿದ್ದರೆ ಅದ್ಭುತ ಅಥವಾ ಅನಾಹುತ, ಎರಡೂ ಬೆರೆತಿದ್ದರೆ ಸಂದೇಹಕ್ಕೆ ಆಸ್ಪದ. ಹೊಸ ಓದುಗನು ಇವನ್ನು ನಡೆಗೆ ಕೊಟ್ಟ ಅಂಕಗಳೆಂದು ಭಾವಿಸುತ್ತಾನೆ. ರಸಿಕನಾದವನು ಅವು ಯಾರ ಪಾಲಿಗೆ ಬಿದ್ದಿವೆಯೆಂದು ನೋಡುತ್ತಾನೆ. ಎದುರಾಳಿಯ ನಡೆಗೆ ಮನಸಾರೆ ಆಶ್ಚರ್ಯಸೂಚಕವನ್ನು ಕೊಟ್ಟು, ‘ಇದನ್ನು ನಾನು ನಿರೀಕ್ಷಿಸಿರಲಿಲ್ಲ’ ಎಂದು ಬರೆಯಬಲ್ಲವನ ಟಿಪ್ಪಣಿಯನ್ನು ಕಡೆಯವರೆಗೆ ನಂಬಿ ಓದಬಹುದು.

ಇನ್ನು ಒಂದು ಪುಟವನ್ನು ಹತ್ತಿರದಿಂದ ನೋಡೋಣ. ನನ್ನ ಹಿರಿಯ ಮಿತ್ರರೊಬ್ಬರು, ಮೈಸೂರಿನಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು, ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ತಮ್ಮ ಆಟಗಳನ್ನು ಬರೆದಿಡುತ್ತಾರೆ. ಆಡಿದ ರಾತ್ರಿ ಬರೆದದ್ದು ನೀಲಿ ಶಾಯಿಯಲ್ಲಿ. ವಾರ ಕಳೆದು ಮತ್ತೆ ನೋಡಿ ಬರೆದದ್ದು ಕೆಂಪಿನಲ್ಲಿ. ನಾನು ಹೇಳುವ ಆಟದಲ್ಲಿ ಅವರು ಬಿಳಿಯ ಕಾಯಿಗಳನ್ನು ಹಿಡಿದು, ಬೀದಿಯ ಕಾಲೇಜು ಹುಡುಗನೊಬ್ಬನ ಎದುರು ಕುಳಿತಿದ್ದರು. ರಾಜನ ಮುಂದಣ ಕಾಲಾಳುಗಳು ಎರಡೂ ಕಡೆಯಿಂದ ಇ4, ಇ5ಕ್ಕೆ ಬಂದವು. ಬಿಳಿಯ ಕುದುರೆ ಎಫ್3ಕ್ಕೆ, ಕರಿಯ ಕುದುರೆ ಸಿ6ಕ್ಕೆ. ಬಿಳಿಯ ಒಂಟೆ ಸಿ4ಕ್ಕೆ, ಕರಿಯ ಕಾಲಾಳು ಡಿ6ಕ್ಕೆ. ಬಿಳಿಯ ಎರಡನೆಯ ಕುದುರೆ ಸಿ3ಕ್ಕೆ, ಕರಿಯ ಒಂಟೆ ಜಿ4ಕ್ಕೆ. ಈಗ ಎಫ್3ರ ಕುದುರೆ ಅಲುಗಿದರೆ ಹಿಂದಿರುವ ಮಂತ್ರಿ ಆ ಒಂಟೆಗೆ ಆಹುತಿ. ಐದನೆಯ ನಡೆಯಲ್ಲಿ ಮೇಷ್ಟರು ಆ ಕುದುರೆಯನ್ನೇ ಎತ್ತಿ ಇ5ರ ಕಾಲಾಳನ್ನು ಹೊಡೆದರು. ಹುಡುಗನು ಮಂತ್ರಿಯನ್ನು ಹೊಡೆದನು. ಬಿಳಿಯ ಒಂಟೆ ಎಫ್7ರ ಕಾಲಾಳನ್ನು ಹೊಡೆದು ರಾಜನಿಗೆ ಶಹ ಕೊಟ್ಟಿತು. ರಾಜನಿಗೆ ಇ7 ಒಂದೇ ದಾರಿ. ಸಿ3ರ ಕುದುರೆ ಡಿ5ಕ್ಕೆ ಹಾರಿ ಕುಳಿತೊಡನೆ ಆಟ ಮುಗಿಯಿತು. ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಫಿಲಿಡೋರನಿಗೆ ಗುರುವಾಗಿದ್ದ ಲೆಗಾಲ್ ಎಂಬವನ ಹೆಸರಿನಿಂದ ಪ್ರಸಿದ್ಧವಾಗಿರುವ ಮಾಟ್ ಇದು. ಮೂರು ಸಣ್ಣ ಕಾಯಿಗಳು, ಮಂತ್ರಿಯಿಲ್ಲದೆ, ರಾಜನನ್ನು ಅವನ ಸೈನ್ಯದ ನಡುವೆಯೇ ಸೆರೆಹಿಡಿಯುವ ಚಿತ್ರವು ನೋಡಿದಷ್ಟೂ ಸೊಗಸು.

ನೀಲಿ ಶಾಯಿಯಲ್ಲಿ ಐದನೆಯ ನಡೆಯ ಪಕ್ಕಕ್ಕೆ ಎರಡು ಆಶ್ಚರ್ಯಸೂಚಕಗಳಿವೆ. ‘ಮಂತ್ರಿಯನ್ನೇ ಬಲಿಕೊಟ್ಟೆ. ಏನಾಯಿತೆಂದು ಹುಡುಗನಿಗೆ ತಿಳಿಯುವ ಮೊದಲೇ ಎಲ್ಲ ಮುಗಿದಿತ್ತು’ ಎಂದು ಬರೆದಿದೆ. ಕೆಂಪು ಶಾಯಿಯು ಆ ಎರಡು ಚಿಹ್ನೆಗಳನ್ನೂ ಗೆರೆಯೆಳೆದು ತೆಗೆದುಹಾಕಿ, ಪ್ರಶ್ನಾರ್ಥಕವನ್ನಿಟ್ಟಿದೆ. ಕೆಳಗಡೆ ಹೀಗಿದೆ: ‘ಅವನು ಮಂತ್ರಿಯನ್ನು ಬಿಟ್ಟು, ಸಿ6ರ ಕುದುರೆಯಿಂದ ನನ್ನ ಕುದುರೆಯನ್ನೇ ಹೊಡೆದಿದ್ದರೆ? ಆ ಕುದುರೆ ಇ5ಕ್ಕೆ ಬಂದು ಜಿ4ರ ಒಂಟೆಗೆ ಕಾವಲಾಗುತ್ತದೆ. ನನ್ನ ಮಂತ್ರಿ ಒಂಟೆಯನ್ನು ಹೊಡೆಯುವಂತಿಲ್ಲ. ಒಂದು ಕಾಲಾಳಿಗಾಗಿ ಒಂದು ಕುದುರೆ ಹೋಯಿತು. ಇದನ್ನು ಆಡುವಾಗ ನಾನು ನೋಡಲಿಲ್ಲ. ಮೊದಲು ಎಚ್3ಕ್ಕೆ ಕಾಲಾಳನ್ನು ತಳ್ಳಿ ಒಂಟೆಯನ್ನು ಕೆಣಕಬೇಕಾಗಿತ್ತು. ಅದು ಎಚ್5ಕ್ಕೆ ಸರಿದರೆ ಆಗ ಕುದುರೆಯಿಂದ ಹೊಡೆಯಬಹುದು. ಅವನ ಕುದುರೆ ಇ5ಕ್ಕೆ ಬಂದರೂ ಎಚ್5ಕ್ಕೆ ಅದರ ಕಾವಲಿಲ್ಲ. ನನ್ನ ಮಂತ್ರಿ ಒಂಟೆಯನ್ನು ಹೊಡೆಯುತ್ತದೆ, ಅವನ ಕುದುರೆ ನನ್ನ ಸಿ4ರ ಒಂಟೆಯನ್ನು ಹೊಡೆಯುತ್ತದೆ, ನನ್ನ ಮಂತ್ರಿ ಬಿ5ಕ್ಕೆ ಬಂದು ಶಹ ಕೊಟ್ಟು ಆ ಕುದುರೆಯನ್ನು ಹಿಡಿಯುತ್ತದೆ. ಲೆಕ್ಕ ಹಾಕಿದರೆ ನನಗೆ ಒಂದು ಕಾಲಾಳು ಲಾಭ, ಅಪಾಯವಿಲ್ಲ.’

ಹಾಸನ್ನು ಮುಂದಿಟ್ಟುಕೊಂಡು ಈ ಎರಡು ದಾರಿಗಳನ್ನು ಆಡಿ ನೋಡಿರಿ. ಒಂಟೆ ಜಿ4ರಲ್ಲಿದ್ದರೆ ಇ5ರ ಕುದುರೆ ಅದನ್ನು ಕಾಯುತ್ತದೆ, ಎಚ್5ರಲ್ಲಿದ್ದರೆ ಕಾಯಲಾರದು. ಒಂದು ಮನೆಯ ಅಂತರದಲ್ಲಿ ತಪ್ಪೊಂದು ಸತ್ಯವಾಗಿ ಮಾರ್ಪಡುತ್ತದೆ. ಗೆದ್ದ ಆಟದಲ್ಲಿ, ಹೊಗಳಿಸಿಕೊಂಡ ನಡೆಯಲ್ಲಿ, ಯಾರೂ ಕೇಳದಿರುವಾಗ ತಾನಾಗಿ ಹೋಗಿ ದೋಷವನ್ನು ಹುಡುಕಿದ ಆ ಕೆಂಪು ಶಾಯಿಯನ್ನು ನೋಡಿದಾಗಲೆಲ್ಲ ನನಗೆ ಮೇಷ್ಟರ ಮೇಲಿನ ಗೌರವ ಇಮ್ಮಡಿಯಾಗುತ್ತದೆ. ಸೋತ ಆಟವನ್ನು ಪರೀಕ್ಷಿಸಲು ನೋವೇ ಒತ್ತಾಯಿಸುತ್ತದೆ. ಗೆದ್ದ ಆಟವನ್ನು ಪರೀಕ್ಷಿಸಲು ಸತ್ಯದಲ್ಲಿ ಪ್ರೀತಿ ಬೇಕು.

ಈ ಪ್ರಕಾರದ ಜೀವವಿರುವುದು ನಡೆಯದೆ ಉಳಿದ ಆಟದಲ್ಲಿ. ಹಾಸಿನ ಮೇಲೆ ನಡೆದದ್ದು ಏಳು ನಡೆ. ಟಿಪ್ಪಣಿಯಲ್ಲಿ ಅದರ ಸುತ್ತ ಕೊಂಬೆಯೊಡೆದ ನಡೆಗಳು ಇಪ್ಪತ್ತೋ ಮೂವತ್ತೋ ಇರಬಹುದು. ಇಲ್ಲಿ ಔಚಿತ್ಯಪ್ರಜ್ಞೆ ಬೇಕು. ಕೆಲವರು ಒಂದು ಕೊಂಬೆಯನ್ನು ಹದಿನೈದು ನಡೆ ಬೆಳೆಸಿ, ಕಡೆಗೆ ‘ಬಿಳಿಗೆ ಮೇಲುಗೈ’ ಎಂದು ನಿಲ್ಲಿಸುತ್ತಾರೆ; ಓದುಗನು ಕಾಡಿನಲ್ಲಿ ದಾರಿ ತಪ್ಪಿದವನಂತಾಗುತ್ತಾನೆ. ಎಲ್ಲಿ ಪ್ರಶ್ನೆಯೊಂದು ಬಗೆಹರಿಯಿತೋ ಅಲ್ಲಿ ಕೊಂಬೆಯನ್ನು ಕಡಿದು, ಏಕೆ ಬಗೆಹರಿಯಿತೆಂಬುದನ್ನು ಮಾತಿನಲ್ಲಿ ಹೇಳುವವನೇ ಬಲ್ಲವನು. ಮೇಷ್ಟರ ಟಿಪ್ಪಣಿಯಲ್ಲಿ ‘ಜಿ4ರ ಒಂಟೆಗೆ ಕಾವಲಾಗುತ್ತದೆ’ ಎಂಬ ವಾಕ್ಯವು ಹತ್ತು ನಡೆಗಳ ಸರಣಿಗಿಂತ ಹೆಚ್ಚನ್ನು ಕಲಿಸುತ್ತದೆ.

ಓದುವ ಕ್ರಮವನ್ನು ಕುರಿತು ಎರಡು ಮಾತು. ಮೊದಲು ಟಿಪ್ಪಣಿಯನ್ನು ಮುಚ್ಚಿಟ್ಟು ಬರೀ ನಡೆಗಳನ್ನು ಒಮ್ಮೆ ಆಡಿ ಮುಗಿಸಿರಿ. ಪದ್ಯವನ್ನು ಕೇಳದೆ ವ್ಯಾಖ್ಯಾನವನ್ನು ಕೇಳಿದರೆ ರುಚಿಸುವುದಿಲ್ಲ. ಎರಡನೆಯ ಸಲ, ಮುಂದಿನ ನಡೆಯ ಮೇಲೆ ಒಂದು ಚೀಟಿಯನ್ನಿಟ್ಟು, ನೀವಾಗಿದ್ದರೆ ಏನು ಆಡುತ್ತಿದ್ದಿರೆಂದು ಯೋಚಿಸಿ, ಬಳಿಕ ಚೀಟಿಯನ್ನು ಸರಿಸಿರಿ. ನಿಮ್ಮ ಊಹೆಯೂ ಟಿಪ್ಪಣಿಕಾರನ ಕಾರಣವೂ ಬೇರೆಯಾದಲ್ಲೆಲ್ಲ ನಿಮ್ಮಿಬ್ಬರ ನಡುವೆ ಸಂವಾದ ಹುಟ್ಟುತ್ತದೆ.

ಯಂತ್ರದ ವಿಷಯವನ್ನು ಹೇಳದಿರುವಂತಿಲ್ಲ. 1997ರಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಗಣಕವು ಕಾಸ್ಪರೋವನನ್ನು ಸೋಲಿಸಿದುದು ಜಗತ್ತಿಗೇ ಸುದ್ದಿಯಾಗಿತ್ತು. ಇಂದು ಯಾರ ಜೇಬಿನ ಫೋನಿನಲ್ಲಾದರೂ ಸ್ಟಾಕ್‌ಫಿಶ್ ತಂತ್ರಾಂಶವು ಅದಕ್ಕಿಂತ ಬಲಿಷ್ಠವಾಗಿ ಆಡುತ್ತದೆ, ಅದೂ ಬಿಟ್ಟಿಯಾಗಿ. ಅದು ಕೊಡುವ ತೀರ್ಪು ಒಂದು ದಶಮಾಂಶದ ಅಂಕೆ. ಯಾರ ಕಡೆಗೆ ಎಷ್ಟು ಕಾಲಾಳುಗಳಷ್ಟು ಮೇಲುಗೈಯೆಂಬ ಲೆಕ್ಕ. ಆ ಅಂಕೆ ಬಹುಪಾಲು ಸರಿಯಾಗಿರುತ್ತದೆ, ಅದನ್ನು ತಿರಸ್ಕರಿಸುವುದು ಅವಿವೇಕ. ಆದರೆ ಆಟ ಮುಗಿದೊಡನೆ ಅದನ್ನೇ ಕೇಳಿ, ಅದು ತೋರಿಸಿದ ನಡೆಗಳನ್ನು ನಕಲು ಮಾಡಿದ ಟಿಪ್ಪಣಿಯಲ್ಲಿ ಆಟಗಾರನೇ ಇರುವುದಿಲ್ಲ. ತಾನು ಏನು ನೋಡಿದೆ, ಏಕೆ ಹೆದರಿದೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ. ಅದನ್ನು ಮೊದಲ ರಾತ್ರಿಯೇ ಬರೆದಿಡಬೇಕು. ಯಂತ್ರವನ್ನು ಕಡೆಗೆ ಕೇಳಬೇಕು. ಯಂತ್ರದ ನಡೆಯೊಂದನ್ನು ಉಲ್ಲೇಖಿಸಿ, ‘ಇದು ನನಗೆ ಈಗಲೂ ಅರ್ಥವಾಗಿಲ್ಲ’ ಎಂದು ಬರೆದವರ ಪುಟವನ್ನು ನಾನು ಎರಡೆರಡು ಸಲ ಓದಿದ್ದೇನೆ.

ಮುಗಿಸುವ ಮುನ್ನ, ಆಟ ಮುಗಿದೊಡನೆ ಇಬ್ಬರೂ ಕೂಡಿ ಕುಳಿತು ಮಾಡುವ ಪರಿಶೀಲನೆಯನ್ನು ನೆನೆಯಬೇಕು. ಆಟಗಾರರ ಬಾಯಲ್ಲಿ ಅದಕ್ಕೆ ಪೋಸ್ಟ್‌ಮಾರ್ಟಂ ಎಂದೇ ಹೆಸರು. ಗೆದ್ದವನೂ ಸೋತವನೂ ಕಾಯಿಗಳನ್ನು ಹಿಂದಕ್ಕಿಟ್ಟು, ‘ಇಲ್ಲಿ ನೀವು ಹೀಗೆ ಬಂದಿದ್ದರೆ?’ ಎಂದು ಕೇಳುತ್ತ, ಅರ್ಧ ಗಂಟೆಯ ಹಿಂದೆ ಮುಚ್ಚಿಟ್ಟುಕೊಂಡಿದ್ದ ಗುಟ್ಟುಗಳನ್ನು ಒಬ್ಬರಿಗೊಬ್ಬರು ಬಿಚ್ಚಿಡುವ ಆ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಕೇಳುವುದಕ್ಕಿಂತ ಉತ್ತಮ ಪಾಠಶಾಲೆ ಹೊಸ ರಸಿಕನಿಗೆ ಇನ್ನೊಂದಿಲ್ಲ. 1948ರಲ್ಲಿ ವಿಶ್ವವಿಜೇತನಾದ ಬೋಟ್ವಿನ್ನಿಕ್ಕನು ಆಟಗಾರನಾದವನು ತನ್ನ ವಿಶ್ಲೇಷಣೆಗಳನ್ನು ಪ್ರಕಟಿಸಬೇಕೆಂದು ಒತ್ತಿ ಹೇಳುತ್ತಿದ್ದನು. ಒಬ್ಬನೇ ಕುಳಿತು ನೋಡಿದ್ದರಲ್ಲಿ ಸ್ವಪಕ್ಷಪಾತ ಉಳಿದೇ ಇರುತ್ತದೆ, ಪರರ ಟೀಕೆಗೆ ಒಡ್ಡಿದಾಗಲೇ ಅದು ಕಳೆಯುತ್ತದೆ ಎಂಬುದು ಅವನ ಅಭಿಪ್ರಾಯ.

ನಮ್ಮ ಮೇಷ್ಟರಿಗೆ ಅಚ್ಚುಹಾಕಿಸುವ ಅನುಕೂಲವೆಲ್ಲಿ? ಅವರು ಲೆಕ್ಕದ ಪುಸ್ತಕವನ್ನೇ ಆ ಹುಡುಗನ ಕೈಗೆ ಕೊಟ್ಟು, ಓದಿ ಏನಾದರೂ ತೋಚಿದರೆ ಬರೆಯಪ್ಪ ಎಂದಿದ್ದರಂತೆ. ಕೆಂಪು ಶಾಯಿಯ ಪಕ್ಕದ ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಅವನು ಬರೆದದ್ದು ಇನ್ನೂ ಅಳಿಸಿಲ್ಲ: ‘ಸಾರ್, ಕುದುರೆಯನ್ನು ಹೊಡೆಯಬಹುದೆಂದು ನಾನು ನೋಡಿದ್ದೆ. ಆದರೆ ಮಂತ್ರಿ ಅಲ್ಲೇ ಇತ್ತಲ್ಲ.’