ಪುಲಿಗೆರೆಯ ಆಚಾರ-ವ್ಯವಸ್ಥೆಯೂ ತರುಣ ವಕೀಲರ ಶಿಕ್ಷಣವೂ

ನಮ್ಮ ಕಾನೂನು ಕಾಲೇಜುಗಳಲ್ಲಿ ಮಾನವ ಹಕ್ಕುಗಳ ಪಾಠವು 1215ರ ಮ್ಯಾಗ್ನ ಕಾರ್ಟದಿಂದ ಹೊರಟು 1948ರ ವಿಶ್ವಘೋಷಣೆಯನ್ನು ಮುಟ್ಟುವುದು ವಾಡಿಕೆ. ಗದಗು, ಶಿರಹಟ್ಟಿ, ಮುಂಡರಗಿಗಳ ನ್ಯಾಯಾಲಯಗಳಲ್ಲಿ ಬಡವರ ಪರವಾಗಿ ನಿಲ್ಲಬೇಕಾದ ತರುಣನಿಗೆ ಇನ್ನೂ ಹತ್ತಿರದ ಪಠ್ಯವೊಂದು ಲಕ್ಷ್ಮೇಶ್ವರದಲ್ಲಿಯೇ ಉಂಟು. ಅದರ ಹಳಮೆಯನ್ನು ಕೊಂಡಾಡುವುದು ಈ ಲೇಖನದ ಉದ್ದೇಶವಲ್ಲ. ವಕೀಲನ ಕಣ್ಣಿನಿಂದ ಅದನ್ನು ಓದುವುದಷ್ಟೇ.

ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಸುಮಾರು ಕ್ರಿ.ಶ. 725ರಲ್ಲಿ ಪೊರಿಗೆರೆಯ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ ವಿಧಿಸಿಕೊಟ್ಟ ಆಚಾರ-ವ್ಯವಸ್ಥೆ ಇದು. ಬಾರ್ನೆಟ್ಟರು ಇದನ್ನು 'ಎಪಿಗ್ರಾಫಿಯಾ ಇಂಡಿಕಾ'ದ 14ನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ರಾಜಪುರುಷರು ಒಡೆಯರಿಲ್ಲದ ಮನೆಗಳನ್ನೂ ರಾಜದತ್ತಿಯನ್ನೂ ಸಜ್ಜನರ ಪ್ರಮಾಣವನ್ನೂ ಊರ ಮರ್ಯಾದೆಯನ್ನೂ ತಾಮ್ರಶಾಸನವನ್ನೂ ಅನುಭವಿಸುತ್ತ ಬಂದ ಸ್ವತ್ತಿನ ಅನುಭೋಗವನ್ನೂ ಕಾಯತಕ್ಕದ್ದೆಂದು ಮೊದಲು ಹೇಳಿದೆ. ಒಕ್ಕಲುಗಳು ತೆರಬೇಕಾದ ತೆರಿಗೆಯ ಮಾತು ಬರುವುದು ಆಮೇಲೆ. ಅದೂ ಮನೆಯ ಅಂತಸ್ತಿಗೆ ತಕ್ಕಂತೆ 10, 7, 5, 3 ಪಣಗಳೆಂದು. ಅಧಿಕಾರಿಯ ಹೊಣೆ ಮೊದಲು, ಪ್ರಜೆಯ ಹೊಣೆ ಅನಂತರ. ಈ ಅನುಕ್ರಮವು ಆಕಸ್ಮಿಕವಾಗಿದ್ದರೂ ಇರಬಹುದು. ಆದರೆ ಪತ್ರದಲ್ಲಿಯ ಅನುಕ್ರಮವನ್ನು ಕಡೆಗಣಿಸುವ ವಕೀಲನು ಅರ್ಧ ವಾದವನ್ನು ಕಳೆದುಕೊಂಡಂತೆಯೇ.

ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ಓದಿಗೆ ದಕ್ಕಿರುವ ಭಾಗದಲ್ಲಿ ಮನೆಯುಳ್ಳವನಿಗೂ ಶ್ರೇಣಿಗೆ ಸೇರಿದವನಿಗೂ ಸ್ಥಾನವಿದೆ, ಕೂಲಿಯವನ ಮಾತಿಲ್ಲ. ರಾಜಪುರುಷನು ಕಟ್ಟಳೆಯನ್ನು ಮುರಿದರೆ ಯಾರಲ್ಲಿ ದೂರಬೇಕೆಂಬುದೂ ಸ್ಪಷ್ಟವಿಲ್ಲ. ಸಂವಿಧಾನದ 32ನೆಯ ಅನುಚ್ಛೇದವನ್ನು ಅಂಬೇಡ್ಕರರು ಅದರ ಹೃದಯವೆಂದೂ ಆತ್ಮವೆಂದೂ ಏಕೆ ಕರೆದರೆಂಬುದು ಈ ಕೊರತೆಯನ್ನು ಕಂಡವನಿಗೆ ಬೇಗ ತಿಳಿದೀತು.

ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ಅಲ್ಲಿಯ ಹೊಲಗಳನ್ನು ವಶಪಡಿಸಿಕೊಳ್ಳಲು ಹೊರಟಾಗ, 2011ರಲ್ಲಿ ರೈತರೂ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳೂ ಎದುರು ನಿಂತರು. ಸರಕಾರ ಹಿಂದೆಗೆಯಿತು, 2013ರಲ್ಲಿ ಕಂಪನಿಯೂ ರಾಜ್ಯದ ಯೋಜನೆಯನ್ನು ಕೈಬಿಟ್ಟಿತು. ಗೆಲವು ಚಳವಳಿಯದು. ಚಳವಳಿ ಇಲ್ಲದ ಊರಿನಲ್ಲಿ ಉಳಿಯುವುದು ನೋಟೀಸು ಮಾತ್ರ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯಿದೆಯ 28ನೆಯ ಕಲಮು ಒಡೆಯನಿಗೆ, ಅವನು ಸ್ವಾಧೀನದಲ್ಲಿಲ್ಲದಿದ್ದರೆ ಅನುಭೋಗದಾರನಿಗೆ, ಹಾಗೂ ಹಿತಸಂಬಂಧವುಳ್ಳವರಿಗೆ 30 ದಿನಗಳ ಅವಧಿ ಕೊಡುತ್ತದೆ. ಪೊರಿಗೆರೆಯ ಅನುಭೋಗವು ಇಲ್ಲಿ ಮತ್ತೆ ಕಾಣಿಸಿಕೊಂಡಿದೆ. ಕೂಲಿಯವನು ಮತ್ತೆ ಹೊರಗೆ. 2013ರ ಕೇಂದ್ರ ಭೂಸ್ವಾಧೀನ ಕಾಯಿದೆಯು ಮೂರು ವರ್ಷಗಳಿಂದ ಅದೇ ನೆಲವನ್ನು ನಂಬಿ ದುಡಿದ ಭೂಹೀನ ಕುಟುಂಬವನ್ನೂ ಬಾಧಿತ ಕುಟುಂಬವೆಂದಿತು. ಕೈಗಾರಿಕಾ ಮಂಡಳಿಯ ಸ್ವಾಧೀನಕ್ಕೆ ಅದು ಎಷ್ಟು ಸಲ್ಲುತ್ತದೆಂಬುದು ಬೇರೆ ವಾದ.

ವಕೀಲರ ಪರಿಷತ್ತಿನ 2008ರ ನಿಯಮಗಳು ಕರಡು ಬರೆಯುವುದನ್ನೂ ಅಣಕು ನ್ಯಾಯಾಲಯವನ್ನೂ ಕಡ್ಡಾಯ ಮಾಡಿವೆ. ಆದರೂ ಅಣಕು ನ್ಯಾಯಾಲಯದಲ್ಲಿ ಸಂಗತಿಗಳು ಅಚ್ಚಾಗಿಯೇ ಕೈಗೆ ಬರುತ್ತವೆ. ವಿದ್ಯಾರ್ಥಿಗೆ ಹುಡುಕುವ ಶ್ರಮವಿಲ್ಲ. ಮೂರು ವರ್ಷ ದುಡಿದುದಕ್ಕೆ ಕೂಲಿಯವಳ ಬಳಿ ಯಾವ ಕಾಗದವಿದ್ದೀತು? ಪಹಣಿಯಲ್ಲಿ ಅವಳ ಹೆಸರಿರದು. ನೆರೆಹೊರೆಯವರನ್ನು ಕೇಳಿ, ಅವರ ಮಾತನ್ನು ಅವರದೇ ಕನ್ನಡದಲ್ಲಿ ಪ್ರಮಾಣಪತ್ರವಾಗಿ ಬರೆದು, ಓದಿ ಹೇಳಿ, ರುಜು ಪಡೆಯಬೇಕು. ಲಕ್ಷ್ಮೇಶ್ವರದ ಕಂಬದ ಮೇಲಿರುವ 'ಸಜ್ಜನರ ಪ್ರಮಾಣ'ವನ್ನು ಇಂದಿನ ಕಡತಕ್ಕೆ ತರುವ ಬಗೆ ಇದು. ಇದನ್ನು ಕಲಿಸುವ ತರಗತಿ ನಮ್ಮಲ್ಲಿ ಬಲು ವಿರಳ.