ರಜೆಯ ಖರ್ಚು, ರಕ್ಷಣೆಯ ಖಾತೆಗೆ

ಶಿಕಾರಿಪುರ, ಸೊರಬದ ಕಡೆಯ ಮನೆಗಳಿಗೆ ಹಬ್ಬಕ್ಕೆಂದು ಬೆಂಗಳೂರಿನಿಂದ ಬರುವ ಹುಡುಗರ ಮೊಬೈಲಿನಲ್ಲಿ ಈಗ ಸಮುದ್ರ ಇರುತ್ತದೆ. ನಮ್ಮ ಮುರ್ಡೇಶ್ವರದ್ದಲ್ಲ, ಮಾಲ್ದೀವ್ಸಿನದು. ವಾರಗಟ್ಟಲೆ ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ, ಬೆಳಗಾದರೆ ನೀರಿಗಿಳಿದು ತಿಮಿಂಗಿಲ ಶಾರ್ಕಿನ ಪಕ್ಕ ಈಜು. ಲಿವಬೋರ್ಡ್ ಎನ್ನುತ್ತಾರೆ. ಇಷ್ಟೇ ಆಗಿದ್ದರೆ ನನ್ನ ತಕರಾರೇನೂ ಇರಲಿಲ್ಲ. ದುಡಿದವರು ದುಡಿದ ದುಡ್ಡಿನಲ್ಲಿ ಸುತ್ತಾಡುತ್ತಾರೆ, ಸುತ್ತಾಡಲಿ. ಆದರೆ ಈ ಪ್ರವಾಸಕ್ಕೆ ಇನ್ನೊಂದು ಬಾಲ ಅಂಟಿಕೊಂಡಿದೆ. ದೋಣಿಯಲ್ಲಿ ಒಬ್ಬ ಜೀವಶಾಸ್ತ್ರಜ್ಞ ಸಂಜೆ ಸ್ಲೈಡು ತೋರಿಸುತ್ತಾನೆ, ಪ್ರವಾಸಿಗಳು ಮೀನಿನ ಮೈಚುಕ್ಕೆಯ ಫೋಟೊ ತೆಗೆದು ಸಂಶೋಧಕರಿಗೆ ಕೊಡುತ್ತಾರೆ, ಅಲ್ಲಿಗೆ ರಜೆ ಹೋಗಿ ಕಡಲ ಸಂರಕ್ಷಣೆ ಆಗುತ್ತದೆ. ನನ್ನ ಅಣ್ಣನ ಮಗನ ಮಾತು ಇದು: "ಚಿಕ್ಕಪ್ಪ, ನಾವು ದುಡ್ಡು ಕೊಟ್ಟು ನೋಡ್ತೀವಿ ಅಂತಲೇ ಅವು ಉಳಿದಿರೋದು. ಇಲ್ದಿದ್ರೆ ಯಾವತ್ತೋ ಕಡಿದು ಮುಗಿಸಿರೋರು."

ಅವನೊಬ್ಬನ ಮಾತಲ್ಲ. ಜೀವಂತ ಪ್ರಾಣಿ ಸತ್ತ ಪ್ರಾಣಿಗಿಂತ ಹೆಚ್ಚು ಗಳಿಸುವಂತಾದರೆ ಅದು ತಾನಾಗಿ ಉಳಿಯುತ್ತದೆ ಎಂಬುದು ಇವತ್ತು ಪ್ರವಾಸ ಕಂಪನಿಯಿಂದ ಹಿಡಿದು ಸರ್ಕಾರದ ಪರಿಸರ ಪ್ರವಾಸೋದ್ಯಮದ ಭಾಷಣದವರೆಗೆ ಎಲ್ಲರೂ ಒಪ್ಪಿಕೊಂಡ ಸಿದ್ಧಾಂತ. ನಾನು ಒಪ್ಪುವುದಿಲ್ಲ. ಆದರೆ ತಳ್ಳಿಹಾಕುವ ಮೊದಲು ಅದರ ಗಟ್ಟಿ ಕಾಳನ್ನು ಆರಿಸಿ ಎದುರಿಗೆ ಇಟ್ಟುಕೊಳ್ಳಬೇಕು.

ಆ ಕಾಳು ಇರುವುದೂ ಮಾಲ್ದೀವ್ಸಿನಲ್ಲೇ. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಂಶೋಧಕರು ಒಂದು ಲೆಕ್ಕ ಹಾಕಿದರು. ಡೈವ್ ಮಾಡುವವರು ಮುಗಿಬೀಳುತ್ತಿದ್ದ ಒಂದು ಹವಳದ ದಿಬ್ಬದಲ್ಲಿ ಒಂದೊಂದು ಶಾರ್ಕ್ ವರ್ಷಕ್ಕೆ ತರುವ ವರಮಾನ ಸುಮಾರು 33,500 ಡಾಲರ್, ಅದನ್ನೇ ಹಿಡಿದು ಮಾರಿದರೆ ಬರುವುದು 32 ಡಾಲರ್. 1995ರಲ್ಲಿ ಅಲ್ಲಿ ತಿಮಿಂಗಿಲ ಶಾರ್ಕಿಗೆ ರಕ್ಷಣೆ ಸಿಕ್ಕಿತು, 2010ರಲ್ಲಿ ಎಲ್ಲ ಬಗೆಯ ಶಾರ್ಕ್ ಬೇಟೆಯೂ ನಿಂತಿತು. ಪ್ರವಾಸಿಗರ ಡಾಲರಿನ ಒತ್ತಾಸೆ ಇಲ್ಲದಿದ್ದರೆ ಆ ಪುಟ್ಟ ದೇಶ ಅಷ್ಟು ಗಟ್ಟಿ ನಿರ್ಧಾರ ಮಾಡುತ್ತಿತ್ತೆ? ಬಹುಶಃ ಇಲ್ಲ. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗೋಣ.

ಆದರೆ ಆ ಲೆಕ್ಕ ನಿಂತಿರುವುದು ಒಂದೇ ದಿಬ್ಬದ ಸುತ್ತ ಇರುವ, ದಿನವೂ ಕಣ್ಣಿಗೆ ಬೀಳುವ ಶಾರ್ಕಿನ ಮೇಲೆ. ತಿಮಿಂಗಿಲ ಶಾರ್ಕ್ ಅಂಥದ್ದಲ್ಲ. ಹದಿನೆಂಟು ಮೀಟರಿನವರೆಗೂ ಬೆಳೆಯಬಲ್ಲ, ಬಾಯ್ದೆರೆದು ಸಣ್ಣಪುಟ್ಟ ಜೀವಿ, ಮೀನಿನ ಮೊಟ್ಟೆ ಸೋಸಿ ತಿನ್ನುವ ಈ ಮೀನು ಸಾವಿರಾರು ಕಿಲೋಮೀಟರ್ ಅಲೆಯುತ್ತದೆ. ದಕ್ಷಿಣ ಆರಿ ಹವಳದ್ವೀಪದ ಬಳಿ ಪ್ರವಾಸಿಗಳು ನೋಡುವುದು ಬಹುಪಾಲು ಬಲಿಯದ ಗಂಡು ಮೀನುಗಳನ್ನು. ಗರ್ಭ ಧರಿಸಿದ ಹೆಣ್ಣು ಎಲ್ಲಿರುತ್ತದೆ, ಎಲ್ಲಿ ಮರಿ ಹಾಕುತ್ತದೆ ಎಂಬುದು ಸಂಶೋಧಕರಿಗೇ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಅಂದರೆ ಟಿಕೆಟ್ಟಿನ ದುಡ್ಡು ಕಾಯುವುದು ಅದರ ಬಾಳಿನ ಒಂದು ಸಣ್ಣ ತುಣುಕನ್ನು, ಅದೂ ನಮ್ಮ ಕ್ಯಾಮೆರಾಕ್ಕೆ ಅನುಕೂಲವಾದ ತುಣುಕನ್ನು.

ಉಳಿದ ಬಾಳಿನಲ್ಲಿ ಏನು ಕಾದಿದೆ? 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಉಪಗ್ರಹ ಪಟ್ಟಿ ಕಟ್ಟಿದ ತಿಮಿಂಗಿಲ ಶಾರ್ಕ್‌ಗಳ ಓಡಾಟವನ್ನೂ ಜಗತ್ತಿನ ಭಾರಿ ಹಡಗುಗಳ ಓಡಾಟವನ್ನೂ ಒಂದರ ಮೇಲೊಂದು ಇಟ್ಟು ನೋಡಿತು. ಮೀನು ಸಂಚರಿಸುವ ನೀರಿನ ಶೇಕಡಾ 90ಕ್ಕೂ ಹೆಚ್ಚು ಭಾಗದಲ್ಲಿ ಹಡಗಿನ ದಾರಿಗಳೂ ಇದ್ದವು. ಡಿಕ್ಕಿ ಹೊಡೆಸಿಕೊಂಡ ಮೀನು ತೇಲುವುದಿಲ್ಲ, ಮುಳುಗುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಆ ಹಡಗಿನಲ್ಲಿ ಇರುವುದು ನಾವು ಮನೆಗೆ ತರಿಸಿಕೊಳ್ಳುವ ಸಾಮಾನೇ. ಈ ಸಾವನ್ನು ತಡೆಯಬೇಕಾದರೆ ಹಡಗಿನ ವೇಗಕ್ಕೆ, ದಾರಿಗೆ ಕಟ್ಟುಪಾಡು ಬೇಕು. ಅದು ಯಾವ ರಜೆಯ ಪ್ಯಾಕೇಜಿನಲ್ಲೂ ಸಿಗುವ ಸರಕಲ್ಲ. ಅಷ್ಟು ದೂರ ಏಕೆ, ಮಾಲ್ದೀವ್ಸಿನ ಅದೇ ಸಂರಕ್ಷಿತ ನೀರಿನಲ್ಲಿ ದೋಣಿಯ ಪ್ರೊಪೆಲರ್ ತಗುಲಿದ ಗಾಯದ ಗುರುತುಳ್ಳ ಮೀನುಗಳು ದಾಖಲಾಗಿವೆ. ನೋಡಲು ಹೋಗುವ ದೋಣಿಗಳೂ ದೋಣಿಗಳೇ.

ಗಳಿಕೆಯ ಸಿದ್ಧಾಂತವನ್ನು ಅದರ ಕೊನೆಯ ಮೆಟ್ಟಿಲವರೆಗೆ ಹತ್ತಿಸಿದರೆ ಫಿಲಿಪ್ಪೀನ್ಸಿನ ಓಸ್ಲೋಬ್ ಸಿಗುತ್ತದೆ. ಅಲ್ಲಿ ಬೆಳಗಾದರೆ ಮೀನುಗಾರರೇ ಸಣ್ಣ ಸಿಗಡಿ ಹಾಕಿ ತಿಮಿಂಗಿಲ ಶಾರ್ಕನ್ನು ದಡದ ಬಳಿ ಕರೆದು ನಿಲ್ಲಿಸುತ್ತಾರೆ, ಪ್ರವಾಸಿಗಳು ಸರದಿಯಲ್ಲಿ ನೀರಿಗಿಳಿಯುತ್ತಾರೆ. ಊರಿಗೆ ದುಡ್ಡು ಬಂದಿದೆ, ಯಾರೂ ಮೀನು ಕೊಲ್ಲುವುದಿಲ್ಲ. ಸಿದ್ಧಾಂತದ ಪ್ರಕಾರ ಇದು ಪೂರ್ಣ ಯಶಸ್ಸು. ಆದರೆ ಅಲೆಯಬೇಕಾದ ಮೀನು ತಿಂಗಳುಗಟ್ಟಲೆ ಅಲ್ಲೇ ಬೀಡುಬಿಟ್ಟು, ದೋಣಿ ಕಂಡರೆ ತಿಂಡಿ ಎಂದುಕೊಂಡು ಹತ್ತಿರ ಬರುವುದನ್ನು ಕಲಿತಿದೆ. ಇದನ್ನು ಕಾಡುಪ್ರಾಣಿ ಎನ್ನಬೇಕೋ ಸಾಕುಪ್ರಾಣಿ ಎನ್ನಬೇಕೋ. ಆಸ್ಟ್ರೇಲಿಯಾದ ನಿಂಗಲೂನಲ್ಲಿ ಹೀಗಾಗಿಲ್ಲ ಎಂದು ಯಾರಾದರೂ ಹೇಳಿದರೆ ಸರಿ, ಆಗಿಲ್ಲ. ಅಲ್ಲಿ ಒಂದು ಮೀನಿನ ಬಳಿ ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ಇಳಿಯುವ ಹಾಗಿಲ್ಲ, ಇಷ್ಟು ದೂರ ಇರಬೇಕು ಎಂಬ ಅಳತೆ ಇದೆ, ದೋಣಿಗೆ ಲೈಸೆನ್ಸ್ ಬೇಕು. ಆದರೆ ಅಲ್ಲಿ ಮೀನನ್ನು ಕಾಯುತ್ತಿರುವುದು ಪ್ರವಾಸವಲ್ಲ, ಪ್ರವಾಸಕ್ಕೆ ಹಾಕಿದ ಮೂಗುದಾರ.

ಇನ್ನು ನಮ್ಮ ದೇಶದ ಕಥೆ. ನನ್ನ ಮಾತಿನ ತಿರುಳು ಇರುವುದು ಇಲ್ಲೇ. ಗುಜರಾತಿನ ವೆರಾವಲ್ ಸುತ್ತಿನ ಕಡಲಲ್ಲಿ ಮೊದಲೆಲ್ಲ ಮೀನುಗಾರರು ಕೊಕ್ಕೆಗೆ ಪೀಪಾಯಿ ಕಟ್ಟಿ ಈ ಮೀನನ್ನು ದಣಿಸಿ ಹಿಡಿಯುತ್ತಿದ್ದರು. ಅದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗೆ ನೀರು ಹಿಡಿಯದಂತೆ ಬಳಿಯುತ್ತಿದ್ದರು. ಆಮೇಲೆ ಮಾಂಸಕ್ಕೆ ವಿದೇಶದಲ್ಲಿ ಗಿರಾಕಿ ಹುಟ್ಟಿ ಬೇಟೆ ಮಿತಿ ಮೀರಿತು. 2000ದಲ್ಲಿ ಮೈಕ್ ಪಾಂಡೆ ಈ ಕೊಲೆಯನ್ನು ಚಿತ್ರೀಕರಿಸಿ 'ಶೋರ್ಸ್ ಆಫ್ ಸೈಲೆನ್ಸ್' ಎಂಬ ಸಾಕ್ಷ್ಯಚಿತ್ರ ಮಾಡಿದರು. 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕ್ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಗೆ ಸೇರಿತು. ಹುಲಿ, ಆನೆಗಳ ಸಾಲಿಗೆ ಒಂದು ಮೀನು ಬಂದದ್ದು ಅದೇ ಮೊದಲು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ, ಟಾಟಾ ಕೆಮಿಕಲ್ಸ್ ಸೇರಿ ಮೀನುಗಾರರ ನಡುವೆ ಅಭಿಯಾನ ಹೂಡಿದವು. ರಾಮಕಥೆ ಹೇಳುವ ಮುರಾರಿ ಬಾಪು ಅದಕ್ಕೆ ದನಿ ಕೊಟ್ಟರು. ಅವರು ಹೇಳಿದ್ದರಲ್ಲಿ ವರಮಾನದ ಸುದ್ದಿ ಇರಲಿಲ್ಲ. ಈ ಮೀನು ಬಾಣಂತನಕ್ಕೆ ತವರಿಗೆ ಬಂದ ಮಗಳು, ಅವಳನ್ನು ಕೊಲ್ಲುತ್ತೀರಾ ಎಂಬ ಅರ್ಥದ ಮಾತು ಅದು. 

ಅಲ್ಲಿಂದೀಚೆಗೆ ಆ ಕಡಲಲ್ಲಿ ಬಲೆಗೆ ಸಿಕ್ಕ 700ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳನ್ನು ಮೀನುಗಾರರು ಬಿಟ್ಟಿದ್ದಾರೆ. ಬಿಡುವುದು ಎಂದರೆ ಕೈಯೆತ್ತಿ ಬೀಳ್ಕೊಡುವುದಲ್ಲ. ತನ್ನದೇ ಬಲೆಗೆ ತಾನೇ ಚೂರಿ ಹಾಕಬೇಕು. ಸಾಲ ಮಾಡಿ ತಂದ ಬಲೆ, ಅದರೊಳಗಿನ ಅವತ್ತಿನ ಮೀನು, ಡೀಸೆಲ್ಲು, ಆಳಿನ ಕೂಲಿ, ಎಲ್ಲವೂ ಆ ಒಂದು ಕೊಯ್ತದಲ್ಲಿ ನೀರುಪಾಲು. ಫೋಟೊ ತೆಗೆದು ತೋರಿಸಿದರೆ ಬಲೆಯ ನಷ್ಟಕ್ಕೆ ಪರಿಹಾರ ಕೊಡುವ ವ್ಯವಸ್ಥೆ ಆಮೇಲೆ ಬಂತು, ಒಳ್ಳೆಯದೇ ಆಯಿತು. ಆದರೂ ಹೋದ ದಿನಕ್ಕೆ, ಹೋದ ಹಿಡಿತಕ್ಕೆ ಪೂರ್ತಿ ಬೆಲೆ ಕಟ್ಟಿಕೊಟ್ಟವರಿಲ್ಲ. ಇಬ್ಬರ ಕೈಯಲ್ಲೂ ಕ್ಯಾಮೆರಾ ಇದೆ, ನೋಡಿ. ಒಬ್ಬನದು ಮಾಲ್ದೀವ್ಸಿನಲ್ಲಿ, ಇನ್ನೊಬ್ಬನದು ವೆರಾವಲ್ಲಿನಲ್ಲಿ. ಮೊದಲನೆಯವನ ಫೋಟೊ ಅವನ ಸಂತೋಷದ ದಾಖಲೆ, ಎರಡನೆಯವನದು ಅವನ ನಷ್ಟದ ದಾಖಲೆ. ಸಂರಕ್ಷಕ ಎಂಬ ಬಿರುದು ಮಾತ್ರ ಮೊದಲನೆಯವನ ಹೆಸರಿನ ಮುಂದೆ ಕೂತಿದೆ. ನನ್ನ ತಕರಾರು ಇದೇ.

ಚುಕ್ಕೆಯ ಫೋಟೊದಿಂದ ಉಪಯೋಗವಿಲ್ಲ ಎಂದು ನಾನು ಹೇಳುತ್ತಿಲ್ಲ. ಕಿವಿರಿನ ಹಿಂದಿನ ಚುಕ್ಕೆಗಳ ವಿನ್ಯಾಸ ಒಂದೊಂದು ಮೀನಿಗೆ ಒಂದೊಂದು. ಖಗೋಳಶಾಸ್ತ್ರಜ್ಞರು ನಕ್ಷತ್ರಗಳ ಗುಂಪನ್ನು ಹೊಂದಿಸಿ ನೋಡಲು ಮಾಡಿಕೊಂಡಿದ್ದ ಗಣಿತವನ್ನೇ ಇದಕ್ಕೆ ಒಗ್ಗಿಸಿ, ಯಾವ ಮೀನು ಯಾವ ವರ್ಷ ಎಲ್ಲಿ ಕಂಡಿತು ಎಂದು ಗುರುತಿಸುವ ವಿಧಾನ 2005ರ ಹೊತ್ತಿಗೆ ಸಿದ್ಧವಾಯಿತು. ಬಹಳ ಚೆಲುವಾದ ಕೆಲಸ ಅದು, ಪ್ರವಾಸಿಗಳ ಸಾವಿರಾರು ಫೋಟೊ ಅದಕ್ಕೆ ಒದಗಿದೆ. ಆದರೆ ಎಣಿಸುವುದು ಬೇರೆ, ಉಳಿಸುವುದು ಬೇರೆ. ಜನಗಣತಿಗೆ ಬಂದ ಮೇಷ್ಟ್ರು ನಮ್ಮ ಮನೆಯ ಹಸಿವು ನೀಗಿಸಿದರು ಎಂದು ಯಾರೂ ಹೇಳುವುದಿಲ್ಲವಲ್ಲ.

ಕಡಲ ಮಾತು ಬಿಡಿ, ಸೊರಬದಲ್ಲಿ ಕೂತವರಿಗೆ ಇದರ ಪಾಠ ಹದಿನೈದಿಪ್ಪತ್ತು ಕಿಲೋಮೀಟರಿನೊಳಗೇ ಇದೆ. ಬನವಾಸಿ ದಿಕ್ಕಿನ ಗುಡವಿ. ಮಳೆ ಹಿಡಿದು ಕೆರೆ ತುಂಬಿತೆಂದರೆ ನೀರೊಳಗೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳ ಸಂಸಾರ. ಪಕ್ಷಿಧಾಮ, ಟಿಕೆಟ್, ವೀಕ್ಷಣಾ ಗೋಪುರ ಎಲ್ಲ ಇವೆ. ಶಾಲೆಯ ಮಕ್ಕಳು ಬರುತ್ತಾರೆ, ಉದ್ದನೆಯ ಲೆನ್ಸಿನವರು ಬರುತ್ತಾರೆ. ಅವರಿಂದ ಹಕ್ಕಿಗೆ ತೊಂದರೆಯಾಗಿದೆ ಎಂದು ನಾನು ದೂರುವುದಿಲ್ಲ. ಆದರೆ ಇಡೀ ಪಕ್ಷಿಧಾಮದ ವಿಸ್ತೀರ್ಣ ಮುಕ್ಕಾಲು ಚದರ ಕಿಲೋಮೀಟರಿಗೂ ಕಡಿಮೆ. ಅಷ್ಟು ಜಾಗ ಗೂಡಿಗೆ ಸಾಕು, ಹೊಟ್ಟೆಗೆ ಸಾಲದು. ಗೂಡಿನಲ್ಲಿ ಬಾಯಿ ತೆರೆದ ಮರಿಗೆ ಕಪ್ಪೆ, ಏಡಿ, ಸಣ್ಣ ಮೀನು ಬರುವುದು ಸುತ್ತಲಿನ ಗದ್ದೆಗಳಿಂದ, ವರದಾ ನದಿಯ ಬಯಲಿನಿಂದ. ಟಿಕೆಟ್ಟಿನ ಬೇಲಿಯ ಆಚೆಗಿನ ಜಾಗ ಅದು.

ಆ ಗದ್ದೆಗಳು ಈಗ ಏನಾಗುತ್ತಿವೆ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭತ್ತ ಬೆಳೆದರೆ ಕೂಲಿಯೂ ಗಿಟ್ಟದು. ಮಣ್ಣು ತುಂಬಿಸಿ ಅಡಿಕೆ ಸಸಿ ನೆಟ್ಟರೆ ಮಗಳ ಮದುವೆಗಾದರೂ ಆದೀತು, ಶುಂಠಿಗೆ ಗುತ್ತಿಗೆ ಕೊಟ್ಟರೆ ರೊಕ್ಕ ಮುಂಗಡ. ಶಿಕಾರಿಪುರದ ಕಡೆ ಮೆಕ್ಕೆಜೋಳ. ಯಾರನ್ನೂ ದೂಷಿಸುವ ಹಾಗಿಲ್ಲ. ಆದರೆ ಇದರ ನಡುವೆಯೂ ಹಟಕ್ಕೋ ಅಭ್ಯಾಸಕ್ಕೋ ಮನೆಯ ಊಟಕ್ಕೋ ಆಷಾಢದಲ್ಲಿ ನೀರು ನಿಲ್ಲಿಸಿ ನಾಟಿ ಮಾಡುವ ರೈತ ಇದ್ದಾನಲ್ಲ, ಗುಡವಿಯ ಹಕ್ಕಿಗೆ ಅನ್ನ ಹಾಕುತ್ತಿರುವವನು ಅವನು. ಹಕ್ಕಿಗೆಂದು ಅವನು ಮಾಡುತ್ತಿಲ್ಲ ನಿಜ. ಗೋಪುರ ಹತ್ತಿ ನೋಡುವವನೂ ಹಕ್ಕಿಗೆಂದು ಹತ್ತುವುದಿಲ್ಲ.

ಈ ನೆಲದಲ್ಲಿ ಉಳಿವಿನ ಕೆಲಸ ಯಾವತ್ತೂ ಹೀಗೆ ಬಳಕೆಯ ಬೆನ್ನಿಗೇ ನಡೆದಿದೆ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಮೇಲೆ ಐದನೆಯ ಶತಮಾನದಲ್ಲಿ ಕವಿ ಕುಬ್ಜ ಬರೆದ ಶಾಸನದಲ್ಲಿ ಕದಂಬರ ಕಾಕುಸ್ಥವರ್ಮ ಅಲ್ಲಿನ ಶಿವಾಲಯದ ಬಳಿ ಕೆರೆ ಕಟ್ಟಿಸಿದ ಮಾತಿದೆ. ಕೆರೆ ತೋಡಿಸಿದ್ದು ದೇವರ ಪೂಜೆಗೆ, ಜನರ ನೀರಿಗೆ. ಹಕ್ಕಿ ಬಂದದ್ದು ತಾನಾಗಿ. ಕಾನುಗಳ ಕಥೆಯೂ ಅದೇ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಸರ್ಕಾರದ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಆಗ ಅವರು ಲೆಕ್ಕ ಕೊಟ್ಟದ್ದು 171 ಕಾನು, 32,594 ಎಕರೆ. ಕಾಳುಮೆಣಸು, ಬೈನೆ, ಜೇನು, ಒಳಗೊಂದು ದೇವರ ಬನ, ಬೇಸಿಗೆಯಲ್ಲೂ ಬತ್ತದ ಒಂದು ಒರತೆ. ಊರವರು ಅದಕ್ಕೆ ಕಂದಾಯವನ್ನೂ ಕಟ್ಟುತ್ತಿದ್ದರು. ಕಾನನ್ನು ನೋಡಲು ಯಾರೂ ಬರುತ್ತಿರಲಿಲ್ಲ, ಆದರೂ ಇತ್ತು. ಊರಿನ ಕೈಯಿಂದ ತಪ್ಪಿ ಇಲಾಖೆಯ ಕಡತಕ್ಕೆ ಹೋದ ಮೇಲೆ, ಭದ್ರಾವತಿಯ ಕಾಗದದ ಕಾರ್ಖಾನೆಗೆಂದು ಜಿಲ್ಲೆಯ ಉದ್ದಗಲಕ್ಕೂ ಅಕೇಶಿಯಾ, ನೀಲಗಿರಿ ನೆಟ್ಟ ಮೇಲೆ ಏನಾಯಿತು ಎಂಬುದು ಕಣ್ಣೆದುರಿಗಿದೆ.

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆಯಂಗಳದ ಹುಣಸೆಮರದಲ್ಲಿ ಗೂಡು ಕಟ್ಟುತ್ತವೆ. ಹಿಕ್ಕೆ ಬಿದ್ದು ಹುಣಸೆಯ ಫಸಲು ಹಾಳು, ಅಂಗಳವೆಲ್ಲ ವಾಸನೆ. ಆ ಊರವರೂ ಹೇಳುವುದು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಎಂದೇ. ಗುಜರಾತಿನ ಕಡಲಿಗೂ ಮಂಡ್ಯದ ಈ ಹಳ್ಳಿಗೂ ಮಾತುಕತೆಯೇ ಇರಲಿಲ್ಲ, ಆದರೂ ಎರಡು ಕಡೆಯೂ ಹೊಳೆದದ್ದು ಒಂದೇ ಸಂಬಂಧ. ಬಾಣಂತನ ಮಾಡಿಸುವವರು ಖರ್ಚಿನ ಕಡೆಯವರು. ಪ್ಯಾಕೇಜ್ ಸಿದ್ಧಾಂತ ಇದನ್ನು ತಿರುವುಮುರುವು ಮಾಡಿ, ಮಗಳಿಂದ ತವರಿಗೆ ಎಷ್ಟು ಆದಾಯ ಎಂದು ಕೇಳುತ್ತದೆ. ಆದಾಯ ನಿಂತ ದಿನ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಕೋವಿಡ್ ವರ್ಷದಲ್ಲಿ ಪ್ರವಾಸದ ದೋಣಿಗಳು ದಡದಲ್ಲಿ ನಿಂತವು. ವೆರಾವಲ್ಲಿನ ಕಾನೂನು ನಿಲ್ಲಲಿಲ್ಲ, ಗುಡವಿಯ ಸುತ್ತ ನಾಟಿಯೂ ನಿಲ್ಲಲಿಲ್ಲ.

ನೋಡಿದರೆ ಪ್ರೀತಿ ಹುಟ್ಟುತ್ತದೆ, ಪ್ರೀತಿಯಿಂದ ಕಾಳಜಿ ಹುಟ್ಟುತ್ತದೆ ಎಂಬ ಮಾತು ಉಳಿಯಿತು. ಹುಟ್ಟಲಿ. ಹುಟ್ಟಿದ ಕಾಳಜಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ. ಮುರ್ಡೇಶ್ವರದ ಎದುರಿನ ನೇತ್ರಾಣಿಗೆ ಈಗ ಡೈವಿಂಗ್ ದೋಣಿಗಳು ಹೋಗುತ್ತವೆ. ಅಪರೂಪಕ್ಕೊಮ್ಮೆ ಅಲ್ಲೂ ತಿಮಿಂಗಿಲ ಶಾರ್ಕ್ ಕಾಣಿಸಿಕೊಂಡಿದೆ. ಮುಂದೊಂದು ದಿನ ಅಲ್ಲಿಯೂ ಕಡಲ ಸಂರಕ್ಷಣೆಯ ಹೆಸರಿನಲ್ಲಿ ಪ್ಯಾಕೇಜು ಶುರುವಾದರೆ ಮೊದಲು ಕೇಳಬೇಕಾದ್ದು ದೋಣಿಯಲ್ಲಿ ಜೀವಶಾಸ್ತ್ರಜ್ಞ ಇದ್ದಾನೆಯೇ ಎಂದಲ್ಲ. ಭಟ್ಕಳದ ಮೀನುಗಾರನ ಪರ್ಸೀನ್ ಬಲೆಗೆ ಆ ಮೀನು ಸಿಕ್ಕಿ, ಅವನು ಬಲೆ ಕೊಯ್ದು ಬಿಟ್ಟರೆ ಬಲೆಯ ದುಡ್ಡು ಯಾರು ಕೊಡುತ್ತಾರೆ, ಎಷ್ಟು ದಿನದಲ್ಲಿ ಕೊಡುತ್ತಾರೆ, ಟಿಕೆಟ್ಟಿನಲ್ಲಿ ಅದಕ್ಕೆಂದು ಎಷ್ಟು ತೆಗೆದಿಟ್ಟಿದ್ದಾರೆ ಎಂದು ಕೇಳಬೇಕು. ಗುಡವಿಗೂ ಅದೇ ಪ್ರಶ್ನೆ. ಹಕ್ಕಿಗಳ ಹೆಸರು ಬರೆದು ನಿಲ್ಲಿಸುವ ಫಲಕದ ಪಕ್ಕ ಇನ್ನೊಂದು ಫಲಕ ನಿಲ್ಲಲಿ: ಈ ವರ್ಷ ಬಂದ ಟಿಕೆಟ್ ಹಣ ಇಷ್ಟು, ಕೆರೆಯ ಹೂಳು ತೆಗೆಯಲು ಹೋದದ್ದು ಇಷ್ಟು, ಸುತ್ತ ಭತ್ತ ಬೆಳೆದವರಿಗೆ ಕೊಟ್ಟದ್ದು ಇಷ್ಟು. ಕೊನೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಸೊನ್ನೆಯನ್ನೇ ಬರೆಯಲಿ.