ಅಕ್ಷರವನ್ನು ಅರಿಯದ ವ್ಯಾಕರಣ: ಸ್ಥಿತಿಬದ್ಧ ಎಡಿಟರುಗಳ ಒಂದು ವಿಮರ್ಶೆ

ಪ್ರೋಗ್ರಾಮರುಗಳು ಬಳಸುವ ಪಠ್ಯ ಎಡಿಟರನ್ನು ಕೇವಲ ಉಪಕರಣವೆಂದು ಕಾಣುವುದು ವಾಡಿಕೆ. ಆದರೆ ‘ವಿ-ಐ’ ಮತ್ತು ಅದರ ಪರಂಪರೆಯ ಎಡಿಟರುಗಳನ್ನು ಒಂದು ಭಾಷೆಯಾಗಿಯೂ ಓದಬಹುದು. ಅವಕ್ಕೆ ಕ್ರಿಯಾಪದಗಳಿವೆ, ನಾಮಪದಗಳಿವೆ, ಸಂಖ್ಯಾವಾಚಕಗಳಿವೆ, ನಿಶ್ಚಿತವಾದ ಪದಕ್ರಮವಿದೆ. ಭಾಷೆಯೆಂದ ಮೇಲೆ ಅದು ಯಾರ ಬರವಣಿಗೆಯನ್ನು ಮಾದರಿಯಾಗಿ ಇಟ್ಟುಕೊಂಡಿತು, ಯಾವುದಕ್ಕೆ ಹೆಸರಿಡದೆ ಬಿಟ್ಟಿತು ಎಂದು ಕೇಳುವುದು ವಿಮರ್ಶೆಯ ಕೆಲಸವಾಗುತ್ತದೆ. ಎರಡು ಲಿಪಿಗಳ ನಡುವೆ ಬಾಳುವ ಗಡಿನಾಡ ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದೇನಲ್ಲ.

ಬಿಲ್ ಜಾಯ್ 1976ರ ಸುಮಾರಿಗೆ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿ-ಐಯನ್ನು ರೂಪಿಸಿದರು. ಅವರ ಮನೆಯ ಮೋಡೆಮ್ಮಿನ ವೇಗ 300 ಬಾಡ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರಗಳು. ಪರದೆಯನ್ನು ಮತ್ತೆ ಮತ್ತೆ ಬರೆಯುವುದು ದುಬಾರಿಯಾಗಿದ್ದ ಆ ಕಾಲದಲ್ಲಿ ಆಜ್ಞೆಗಳು ಒಂದೆರಡು ಕೀಲಿಗಳಿಗೆ ಇಳಿದದ್ದು ಸಹಜ. ಹೆಚ್, ಜೆ, ಕೆ, ಎಲ್ ಕೀಲಿಗಳಿಂದ ಕರ್ಸರನ್ನು ಚಲಿಸುವ ಪದ್ಧತಿಯೂ ಎಡಿಎಂ-3ಎ ಟರ್ಮಿನಲ್ಲಿನ ಆ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದುದರಿಂದ ಬಂದದ್ದು. ಇಂದು ನಾವು ‘ಹಗುರ’ವೆಂದು ಮೆಚ್ಚುವ ಗುಣ ಕೊರತೆಯೊಳಗಿಂದ ಹುಟ್ಟಿದ ಶಿಸ್ತು.

ಈ ಶಿಸ್ತಿನ ತಿರುಳು ಸ್ಥಿತಿಗಳ ವಿಭಜನೆ. ಬರೆಯುವ ಸ್ಥಿತಿಯಲ್ಲಿ ಕೀಲಿ ಅಕ್ಷರವಾಗುತ್ತದೆ. ಆಜ್ಞೆಯ ಸ್ಥಿತಿಯಲ್ಲಿ ಅದೇ ಕೀಲಿ ಕ್ರಿಯೆಯಾಗುತ್ತದೆ. ಪ್ರೋಗ್ರಾಮರು ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚಾಗಿ ಬರೆದುದನ್ನು ಓದುತ್ತಾನೆ, ತಿದ್ದುತ್ತಾನೆ ಎಂಬ ನಂಬಿಕೆ ಇದರ ಹಿಂದಿದೆ. ‘ಡಿ’ ಎಂದರೆ ಅಳಿಸು, ‘ಡಬ್ಲ್ಯು’ ಎಂದರೆ ಮುಂದಿನ ಪದದವರೆಗೆ. ಎರಡನ್ನೂ ಕೂಡಿಸಿದರೆ ವಾಕ್ಯ. ಹತ್ತು ಕ್ರಿಯೆಗಳನ್ನೂ ಇಪ್ಪತ್ತು ಚಲನೆಗಳನ್ನೂ ಕಲಿತವನಿಗೆ ಇನ್ನೂರು ಆಜ್ಞೆಗಳು ದಕ್ಕುತ್ತವೆ. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ‘ವಿಮ್’ ಈ ವ್ಯಾಕರಣವನ್ನು ವಿಸ್ತರಿಸಿತು. ಪದ, ವಾಕ್ಯ, ಪ್ಯಾರಾ, ಆವರಣದೊಳಗಿನ ಭಾಗ ಇವೆಲ್ಲ ಅದರಲ್ಲಿ ಸ್ವತಂತ್ರ ನಾಮಪದಗಳಾದವು.

ಇದಕ್ಕೆ ಎದುರುವಾದವೂ ಗಟ್ಟಿಯಾದುದೇ. ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ದುಡಿದ ಲ್ಯಾರಿ ಟೆಸ್ಲರ್ ಸ್ಥಿತಿಗಳನ್ನೇ ತೊಡೆದುಹಾಕಬೇಕೆಂದು ಜೀವನವಿಡೀ ವಾದಿಸಿದರು. ತಾನು ಯಾವ ಸ್ಥಿತಿಯಲ್ಲಿದ್ದೇನೆ ಎಂಬುದನ್ನು ಬಳಕೆದಾರ ಮರೆತ ಕ್ಷಣವೇ ಬರೆಯಹೊರಟದ್ದು ಅಳಿಸುವಿಕೆಯಾಗುತ್ತದೆ. ಮ್ಯಾಕ್ಸಿಮ್ ಕೋಸ್ಟ್ ರೂಪಿಸಿದ ‘ಕಾಕೂನ್’ ಈ ಆಕ್ಷೇಪಕ್ಕೆ ಪದಕ್ರಮವನ್ನು ತಿರುಗಿಸಿ ಭಾಗಶಃ ಉತ್ತರ ಕೊಟ್ಟಿತು. ‘ಹೀಲಿಕ್ಸ್’ ಅದನ್ನು ಅನುಸರಿಸಿತು. ಇವುಗಳಲ್ಲಿ ಮೊದಲು ಪದವನ್ನು ಆಯಬೇಕು, ಬಳಿಕ ಅಳಿಸಬೇಕು. ‘ಪದವನ್ನು ಅಳಿಸು’ ಎನ್ನುವ ಕನ್ನಡಕ್ಕೆ ಈ ಕ್ರಮ ತನ್ನದೇ ಎನ್ನಿಸಬಹುದು. ಆದರೆ ಆ ಹೋಲಿಕೆಗೆ ಮರುಳಾಗಬೇಕಿಲ್ಲ. ಕರ್ಮವು ಕ್ರಿಯೆಗೆ ಮುಂಚೆಯೇ ಪರದೆಯ ಮೇಲೆ ಕಾಣುವುದರಿಂದ ತಪ್ಪು ಘಟಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ ಎಂಬುದೇ ಇದರ ನಿಜವಾದ ಲಾಭ.

ಪದಕ್ರಮ ಬದಲಾದರೂ ಈ ಭಾಷೆಯ ಮೂಲಮಾನ ಬದಲಾಗಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು, ಪರದೆಯ ಒಂದು ಮನೆ ಎಂಬ ಲೆಕ್ಕದ ಮೇಲೆ ಇಡೀ ಕಟ್ಟಡ ನಿಂತಿದೆ. ‘ಸ್ತ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಅದು 6 ಸಂಕೇತಬಿಂದುಗಳು, ಯುಟಿಎಫ್-8ರಲ್ಲಿ 18 ಬೈಟುಗಳು. ವಿಮ್‌ನಲ್ಲಿ ‘ಕ್ಷ’ದ ಮೇಲೆ ಕರ್ಸರ್ ಇಟ್ಟು, ಒಂದು ಅಕ್ಷರವನ್ನು ಅಳಿಸುವ ‘ಎಕ್ಸ್’ ಆಜ್ಞೆಯನ್ನು ಕೊಟ್ಟರೆ ಕಕಾರವೂ ವಿರಾಮಚಿಹ್ನೆಯೂ ಹೋಗಿ ‘ಷ’ ಉಳಿಯುತ್ತದೆ. ಬರಹದ ಅತ್ಯಂತ ಸಣ್ಣ ನಾಮಪದವನ್ನೇ ಎಡಿಟರು ತಪ್ಪಾಗಿ ಓದಿದಂತಾಯಿತು.

ದೋಷ ಎಡಿಟರುಗಳದ್ದು ಮಾತ್ರವಲ್ಲ. ಸಂಯುಕ್ತಾಕ್ಷರವನ್ನು ಒಂದೇ ಘಟಕವಾಗಿ ಹಿಡಿದಿಡುವ ನಿಯಮವನ್ನು ಯೂನಿಕೋಡ್ ತನ್ನ 15.1ನೇ ಆವೃತ್ತಿಯಲ್ಲಿ, 2023ರಲ್ಲಿ, ಸೇರಿಸಿತು. ಅದು ಅನ್ವಯಿಸಿದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳ ಎಂಬ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅಕ್ಕಲಕೋಟೆಯ ಮರಾಠಿ ಬರಹಕ್ಕೆ, ಆದೋನಿಯ ತೆಲುಗಿಗೆ, ಕಾಸರಗೋಡಿನ ಮಲಯಾಳಕ್ಕೆ ದೊರೆತ ನಿಯಮ ಅದೇ ಊರುಗಳ ಕನ್ನಡಕ್ಕೆ ದೊರೆಯಲಿಲ್ಲವೆಂದು ಇದರ ಅರ್ಥ. ಎರಡೂ ನುಡಿಗಳಿರುವ ಒಂದು ಕಡತವನ್ನು ಈ ನಿಯಮದಂತೆ ನಡೆಯುವ ಎಡಿಟರಿನಲ್ಲಿ ತೆರೆದರೆ ತೆಲುಗಿನ ಒತ್ತಕ್ಷರ ಇಡಿಯಾಗಿ ಅಳಿಯುತ್ತದೆ, ಕನ್ನಡದ್ದು ಒಡೆಯುತ್ತದೆ.

ಕೀಲಿಮಣೆಯಲ್ಲಿ ಇನ್ನೊಂದು ತೊಡಕಿದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನು ಚಾಲೂ ಇಟ್ಟು ಬರೆಯುವವನು ಆಜ್ಞೆಯ ಸ್ಥಿತಿಗೆ ಮರಳಿ ‘ಡಿ’ ಒತ್ತಿದರೆ ಎಡಿಟರಿಗೆ ತಲುಪುವುದು ‘ದ’. ಅದು ಆ ಭಾಷೆಯಲ್ಲಿ ಪದವೇ ಅಲ್ಲ. ಪ್ರತಿ ಸ್ಥಿತ್ಯಂತರದಲ್ಲೂ ಭಾಷೆಯನ್ನು ಕೂಡ ಬದಲಿಸಬೇಕಾದವನಿಗೆ ಕೀಲಿಗಳ ಮಿತವ್ಯಯವೆಂಬ ಮೂಲ ಭರವಸೆಯೇ ಹುಸಿಯಾಗುತ್ತದೆ. ಬರೆಯುವ ಸ್ಥಿತಿಗಷ್ಟೇ ಬೇರೆ ಲಿಪಿಯನ್ನು ಜೋಡಿಸುವ ‘ಕೀಮ್ಯಾಪ್’ ವ್ಯವಸ್ಥೆ ವಿಮ್‌ನಲ್ಲಿದೆ. ಹೊಸ ಎಡಿಟರುಗಳನ್ನು ಕಟ್ಟುವವರು ಅದರಿಂದ ಕಲಿಯಬೇಕು.

ಇಷ್ಟನ್ನೆಲ್ಲ ಸೇರಿಸಿದರೆ ಎಡಿಟರು ಭಾರವಾಗುತ್ತದೆ ಎಂಬ ಸಮರ್ಥನೆ ನಿಲ್ಲುವುದಿಲ್ಲ. ‘ವಿಸ್’ ಎಂಬ ಪುಟ್ಟ ಎಡಿಟರು ಮೂಲ ಕಡತವನ್ನು ಮುಟ್ಟದೆ, ಹೊಸದಾಗಿ ಸೇರಿದ್ದನ್ನು ಪ್ರತ್ಯೇಕವಾಗಿ ಇಟ್ಟು, ತುಣುಕುಗಳ ಸರಪಳಿಯಾಗಿ ಪಠ್ಯವನ್ನು ನಿರ್ವಹಿಸುತ್ತದೆ. ಇಂಥ ರಚನೆಯಲ್ಲಿ ದೊಡ್ಡ ಕಡತವನ್ನು ತಿದ್ದುವುದೂ ಅಗ್ಗ. ಅಕ್ಷರದ ಗಡಿಯನ್ನು ಅರಿಯಲು ಇಡೀ ಕಡತವನ್ನು ಓದಬೇಕಿಲ್ಲ. ಕರ್ಸರಿನ ಆಚೀಚೆಯ ಕೆಲವು ಸಂಕೇತಬಿಂದುಗಳನ್ನು ನೋಡಿದರೆ ಸಾಕು. ಅಲ್ಲಿ ವಿರಾಮಚಿಹ್ನೆಯ ಮುಂದೆ ವ್ಯಂಜನವಿದ್ದರೆ ಕೂಡಿಸು ಎಂಬ ನಿಯಮಕ್ಕೆ ಬೇಕಾಗುವ ಸಾಲುಗಳು ಕೆಲವೇ. ಟರ್ಮಿನಲ್ಲಿನ ಸಮಗಾತ್ರದ ಮನೆಗಳಲ್ಲಿ ಒತ್ತಕ್ಷರವನ್ನು ಅಂದವಾಗಿ ಕೂರಿಸುವುದು ನಿಜಕ್ಕೂ ಕಠಿಣ. ಆದರೆ ಚಿತ್ರಣದ ಆ ಕಷ್ಟವನ್ನು ವ್ಯಾಕರಣದ ಲೋಪಕ್ಕೆ ನೆಪವಾಗಿಸಬಾರದು.

ನಿಘಂಟು, ಪದಸಂಗ್ರಹ, ಕ್ಷೇತ್ರಕಾರ್ಯದ ಲಿಪ್ಯಂತರಗಳನ್ನು ಸರಳ ಪಠ್ಯವಾಗಿ ಉಳಿಸಿಕೊಳ್ಳುವ ಸಂಶೋಧಕರಿಗೆ ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುವ ಇಂಥ ಎಡಿಟರುಗಳು ತಕ್ಕವು. ಆದ್ದರಿಂದ ಹೊಸತೊಂದು ಬಂದಾಗ ಅದರ ಗಾತ್ರವನ್ನೂ ವೇಗವನ್ನೂ ಅಳೆಯುವ ಮುನ್ನ ಮೂರು ಪರೀಕ್ಷೆಗಳನ್ನು ಒಡ್ಡೋಣ: ‘ಕ್ಷ’ ಒಂದೇ ಆಜ್ಞೆಗೆ ಅಳಿಯುತ್ತದೆಯೇ, ಕರ್ಸರ್ ‘ಸ್ತ್ರೀ’ಯನ್ನು ಒಂದೇ ಹೆಜ್ಜೆಯಲ್ಲಿ ದಾಟುತ್ತದೆಯೇ, ಕನ್ನಡ ಬರೆದು ಆಜ್ಞೆಯ ಸ್ಥಿತಿಗೆ ಮರಳಿದಾಗ ಕೀಲಿಗಳು ಆಜ್ಞೆಗಳಾಗಿಯೇ ಇರುತ್ತವೆಯೇ. ಕನ್ನಡವನ್ನೂ ಬಲ್ಲ ಪ್ರೋಗ್ರಾಮರುಗಳು ಇವುಗಳ ಉತ್ತರವನ್ನು ಆಯಾ ಎಡಿಟರಿನ ನಿರ್ಮಾತೃಗಳಿಗೂ ಯೂನಿಕೋಡ್ ಸಮಿತಿಗೂ ತಲುಪಿಸಬೇಕಾಗಿದೆ.